ಪಕ್ಕದ ಪಾತಿಯ ತಾತ ಮತ್ತು ನನ್ನ ದಂಟಿನ ಸೊಪ್ಪು

ಕಳೆದ ತಿಂಗಳು ನಾರ್ತ್‌ವಿಲ್‌ನಲ್ಲಿ ಮಗಳ ಮನೆಯ ಗ್ಯಾರೇಜು ಖಾಲಿ ಮಾಡುತ್ತಿದ್ದೆವು. ನನ್ನ ಹಳೆಯ ಪೆಟ್ಟಿಗೆಯೊಂದರಿಂದ ಕುಕ್ಕರಿನ ಸವೆದ ಗ್ಯಾಸ್ಕೆಟ್ಟು, ತುಕ್ಕು ಹಿಡಿದ ಕಾಫಿ ಡಬ್ಬ, ಒಂದು ಮೊಳದುದ್ದದ ಚಪ್ಪಟೆ ಮರದ ಕಡ್ಡಿ ಹೊರಬಂದವು. ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸಲು ಪುಕ್ಕಟೆ ಕೊಡುತ್ತಾರಲ್ಲ, ಅಂಥದ್ದು. ಮಗಳು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಚೀಲದ ಮೇಲೆ ಹಿಡಿದು, "ಅಮ್ಮಾ, ಕ್ಯಾನ್ ಐ ಟಾಸ್ ದಿಸ್?" ಎಂದಳು.

"ಬೇಡ, ಇಲ್ಲಿ ಕೊಡು."

"ಇಟ್ಸ್ ಜಸ್ಟ್ ಅ ಸ್ಟಿಕ್."

ಕಡ್ಡಿಯ ಮೇಲೆ ಕಪ್ಪು ಎನಾಮಲ್ ಬಣ್ಣದಲ್ಲಿ ಇಂಗ್ಲಿಷಿನ ದಪ್ಪಕ್ಷರ: ಇದು ತರಕಾರಿ, ಕೀಳಬೇಡಿ. ಮರ ಬೂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ನಿನ್ನೆ ಬರೆದಂತಿದೆ. ಬರೆದವರು ಅಂಥ ಅಚ್ಚುಕಟ್ಟಿನ ಮನುಷ್ಯ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸ್ವಲ್ಪ ಮಣ್ಣಿನ ವಾಸನೆ ಬಂತು. ಅಥವಾ ಬಂದಂತೆ ನನಗೆ ಅನ್ನಿಸಿತು...

ನಾವು ಅಮೆರಿಕಕ್ಕೆ, ಈ ಮಿಚಿಗನ್‌ಗೆ, ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ನಮ್ಮ ಯಜಮಾನರಿಗೆ ಕಾರು ಕಂಪನಿಯೊಂದರಲ್ಲಿ ಇಂಜಿನ್ ನಕ್ಷೆ ಬರೆಯುವ ಕೆಲಸ. ಡೆಟ್ರಾಯಿಟ್‌ನ ಪಶ್ಚಿಮಕ್ಕೆ ಎರಡನೇ ಮಹಡಿಯಲ್ಲಿ ಒಂದು ಅಪಾರ್ಟ್‌ಮೆಂಟು. ಹತ್ತಿರದ ಕ್ಯಾಂಟನ್‌ನಲ್ಲಿ ಈಗಿನಂತೆ ಇಂಡಿಯನ್ ಅಂಗಡಿಗಳಿರಲಿಲ್ಲ, ಜೋಳದ ಹೊಲಗಳಿದ್ದವು. ಬೇಳೆ, ಹುಣಸೆಹಣ್ಣು ಬೇಕೆಂದರೆ ವರ್ಷಕ್ಕೆರಡು ಸಲ ಶಿಕಾಗೋದ ಡೆವನ್ ಅವೆನ್ಯೂಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಬೇಕು. ಬೇಳೆ ಬರುತ್ತಿತ್ತು, ಸೊಪ್ಪು ಎಲ್ಲಿಂದ ಬರಬೇಕು? ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಕೋಸಿನ ಪಲ್ಯ. ಆದರೂ ದೇವರು ಹಸಿವಿನಲ್ಲಿ ಮಲಗಿಸಲಿಲ್ಲ, ಅದನ್ನು ಮರೆಯಬಾರದು.

ಹೊರಡುವಾಗ ನಮ್ಮಮ್ಮ ಸೀರೆಗಳ ಮಡಿಕೆಯಲ್ಲಿ ಕೆಂಪು ದಂಟಿನ ಬೀಜದ ಪೊಟ್ಟಣ ಇಟ್ಟಿದ್ದಳು. ಅದು ಒಂದು ವರ್ಷ ದೇವರ ಗೂಡಿನಲ್ಲಿ ಅರಿಶಿನ ಕುಂಕುಮದ ಪಕ್ಕದಲ್ಲೇ ಇತ್ತು. ಬಿತ್ತಲು ನೆಲವೇ ಇಲ್ಲ. ಆಮೇಲೆ ನಮ್ಮ ಬೀದಿಯ ಕೊನೆಯ ಚರ್ಚಿನವರು ಹಿಂದಿನ ಬಯಲನ್ನು ತುಂಡು ತುಂಡಾಗಿ ಅಳೆದು, ಅಕ್ಕಪಕ್ಕದವರಿಗೆ ತರಕಾರಿ ಬೆಳೆಯಲು ಕೊಡುತ್ತಾರೆಂದು ತಿಳಿಯಿತು. ಅಪ್ಲೈ ಮಾಡಿದೆವು, ಸಿಕ್ಕಿತು. ನನ್ನ ಇಡೀ ಅಡಿಗೆಮನೆಗಿಂತ ದೊಡ್ಡ ನೆಲ. ಮೊದಲ ದಿನ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಬಯಲಿನ ಬಾಗಿಲಲ್ಲಿ ನಿಯಮಗಳ ಹಲಗೆ. ಕಳೆ ಇರಕೂಡದು, ಓಡಾಡುವ ದಾರಿಯಲ್ಲಿ ಹುಲ್ಲು ಬೆಳೆಯಕೂಡದು, ಒಂದು ಪಾತಿ ಇಬ್ಬರ ಹೆಸರಿನಲ್ಲಿ ಇರಕೂಡದು. ಕಮಿಟಿಯವರು ತಿಂಗಳಿಗೊಂದು ಶನಿವಾರ ಬಂದು ನೋಡುವರು. ತಪ್ಪು ಕಂಡರೆ ಮೂಲೆಯ ಗೂಟಕ್ಕೆ ಹಳದಿ ಚೀಟಿ. ಮೂರನೇ ಚೀಟಿ ಬಿದ್ದರೆ ಪಾತಿ ಹೋಯಿತು. ಹತ್ತು ದಿನದಲ್ಲಿ ಖಾಲಿ ಮಾಡಬೇಕು, ಆಮೇಲೆ ಯಂತ್ರ ತಂದು ಉತ್ತುಬಿಡುತ್ತಾರೆ.

ನನ್ನ ಪಕ್ಕದ ಪಾತಿ ತಾತನದು. ಪೋಲೆಂಡಿನಿಂದ ಬಂದು, ಎಂಜಿನ್ನಿನ ಭಾಗಗಳನ್ನು ಎರಕ ಹೊಯ್ಯುವ ಕಡೆ ದುಡಿದು ರಿಟೈರ್ ಆದವರು. ಬಿಸಿಲಿಗೂ ಮಳೆಗೂ ಒಂದೇ ಕಂದು ಟೋಪಿ. ಎರಡು ಗೂಟಗಳ ನಡುವೆ ದಾರ ಎಳೆದು, ದಾರದ ಕೆಳಗೆ ಬೀಟ್‌ರೂಟ್ ಬಿತ್ತುತ್ತಿದ್ದರು, ಒಂದು ಸಾಲೂ ಸೊಟ್ಟಗಾಗದಂತೆ. ಎದುರಿಗೆ ನಾನು ಮಿಸ್ಟರ್ ಎನ್ನುತ್ತಿದ್ದೆ, ಅವರು ನನ್ನನ್ನು ಮಿಸೆಸ್ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವರು ನಮಗೆ 'ಪಕ್ಕದ ಪಾತಿ ತಾತ'. ಅವರ ಇಂಗ್ಲಿಷು ಪೋಲೆಂಡಿನದು, ನನ್ನದು ಮೈಸೂರಿನದು. ಹೇಗೋ ನಡೆಯುತ್ತಿತ್ತು.

ಆ ವರ್ಷ ತಾತ ಕಮಿಟಿಯಲ್ಲಿದ್ದರು. ನನ್ನ ಗೂಟಕ್ಕೆ ಮೊದಲ ಹಳದಿ ಚೀಟಿ ಕಟ್ಟಿದವರು ಅವರೇ.

"ಮಿಸೆಸ್, ಪಾತಿ ತುಂಬಾ ಕಳೆ ಇದೆ," ಎಂದು ನನ್ನ ದಂಟಿನ ಸೊಪ್ಪನ್ನು ತೋರಿಸಿದರು. "ನಮ್ಮೂರಲ್ಲಿ ಇದನ್ನ ಹಂದಿಗೆ ಹಾಕ್ತಾರೆ."

"ನಮ್ಮೂರಲ್ಲಿ ಮನುಷ್ಯರಿಗೆ ಹಾಕ್ತಾರೆ, ಮಿಸ್ಟರ್."

ತಾತ ನನ್ನನ್ನೊಮ್ಮೆ, ಸೊಪ್ಪನ್ನೊಮ್ಮೆ ನೋಡಿದರು. "ಹಾಗಾದ್ರೆ ನಮ್ಮೂರ ಹಂದಿಗಳು ಪುಣ್ಯ ಮಾಡಿದ್ವು ಅನ್ನಿ."

ಚೀಟಿ ಮಾತ್ರ ಬಿಚ್ಚಲಿಲ್ಲ.

ಮರುದಿನ ಎಳೆಯ ದಂಟು, ತೊಗರಿಬೇಳೆ ಹಾಕಿ ಹುಳಿ ಮಾಡಿ, ಅನ್ನದ ಜೊತೆ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟೆ. ಗುದ್ದಲಿಗೆ ಒರಗಿ ನಿಂತೇ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ದಂಟನ್ನು ಜಗಿದು ನಾರು ಉಗುಳಬೇಕೆಂದು ನಾನು ತೋರಿಸಿಕೊಟ್ಟೆ. ಎರಡು ದಿನ ಬಿಟ್ಟು ಡಬ್ಬಿ ವಾಪಸು ಬಂತು, ತೊಳೆದು ಒರೆಸಿ, ಒಳಗೆ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಇಟ್ಟು. ಬೀಟ್‌ರೂಟ್ ಸಾಲುಗಳ ಅಂಚಿನಲ್ಲಿ ಅವರು ಬೆಳೆಯುತ್ತಿದ್ದ ಗಿಡ ಸಬ್ಬಸಿಗೆ ಎಂದು ಅಲ್ಲಿಯವರೆಗೂ ನನಗೆ ತಿಳಿದೇ ಇರಲಿಲ್ಲ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ಅವರಲ್ಲೂ ಇತ್ತೋ ಏನೋ, ಕೇಳಲಿಲ್ಲ. ಅಂದು ರಾತ್ರಿ ನಮ್ಮ ಮನೆಯಲ್ಲಿ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ. ಯಜಮಾನರು ಐದು ತಿಂದರು.

ಡಬ್ಬಿಯ ಜೊತೆಗೆ ಈ ಕಡ್ಡಿಯೂ ಬಂದಿತ್ತು. ತಾತ ಕಮಿಟಿಯಲ್ಲಿ ಮಾತಾಡಿ ನಿಯಮಕ್ಕೊಂದು ಸಾಲು ಸೇರಿಸಿದ್ದರು: ನೋಡಲು ಕಳೆಯಂತಿದ್ದರೂ, ಬೆಳೆದವರು ಕಡ್ಡಿ ನೆಟ್ಟು ತರಕಾರಿ ಎಂದು ಬರೆದಿದ್ದರೆ ಕಳೆಯಲ್ಲ. ಕಡ್ಡಿಯನ್ನು ನನ್ನ ಪಾತಿಯಲ್ಲಿ ತಾವೇ ನೆಟ್ಟು, ಆಮೇಲೆ ಚೀಟಿ ಬಿಚ್ಚಿದರು. ಕ್ರಮ ತಪ್ಪಿಸಲಿಲ್ಲ.

ಅವರ ಹೆಂಡತಿಯನ್ನು ನಾನು ನೋಡಿದ್ದು ಒಂದೇ ಸಲ, ಕಾರಿನೊಳಗೆ ಕೂತು ಕೈಬೀಸಿದ್ದರು. ಕ್ರಿಸ್‌ಮಸ್ ಹಿಂದಿನ ಸಂಜೆ ಆಕೆ ಬೀಟ್‌ರೂಟ್ ಸಾರು ಮಾಡಬೇಕು, ಅದಕ್ಕೆ ಈ ಪಾತಿಯ ಗೆಡ್ಡೆಯೇ ಆಗಬೇಕು, ಅಂಗಡಿಯದು ಕೂಡದು. ನಮ್ಮಲ್ಲಿ ಗೌರಿ ಹಬ್ಬಕ್ಕೆ ಇದೇ ಆಗಬೇಕು ಅನ್ನುತ್ತೇವಲ್ಲ, ಹಾಗೆ.

ಎರಡನೇ ವರ್ಷ ಬೇಸಿಗೆಯಲ್ಲಿ ಆಕೆ ಆಸ್ಪತ್ರೆ ಸೇರಿದರು. ತಾತ ಕಮಿಟಿ ಬಿಟ್ಟರು. ಬಯಲಿಗೆ ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ. ಬೀಟ್‌ರೂಟ್ ಸಾಲುಗಳ ನಡುವೆ ಹುಲ್ಲು ಎದ್ದಿತು. ಜೂನ್‌ನಲ್ಲಿ ಒಂದು ಹಳದಿ ಚೀಟಿ, ಜುಲೈನಲ್ಲಿ ಇನ್ನೊಂದು. ಕಮಿಟಿಯಲ್ಲಿ ಆಗ ಚರ್ಚಿನ ಹೆಂಗಸೊಬ್ಬರಿದ್ದರು, ಯಾವಾಗಲೂ ಕಂಕುಳಲ್ಲಿ ಒಂದು ಕ್ಲಿಪ್‌ಬೋರ್ಡು. ಕೆಟ್ಟವರಲ್ಲ. "ಕಾಯುವವರ ಪಟ್ಟಿಯಲ್ಲಿ ಹನ್ನೊಂದು ಮನೆಯವರಿದ್ದಾರೆ, ಅವರಿಗೇನು ಹೇಳಲಿ?" ಎನ್ನುತ್ತಿದ್ದರು. ಅದೂ ನಿಜವೇ.

ಒಂದು ಸಂಜೆ ತಾತ ಬಂದು ತಮ್ಮ ಪಾತಿಯ ಮುಂದೆ ಸುಮ್ಮನೆ ನಿಂತಿದ್ದರು. "ದಿನಾ ಕೇಳ್ತಾಳೆ, ಬೀಟ್‌ರೂಟ್ ಎಷ್ಟು ದಪ್ಪ ಆಯ್ತು ಅಂತ," ಎಂದರು. "ನಾನು ನೋಡ್ದೇನೇ, ನಿಂಬೆಹಣ್ಣಿನಷ್ಟು ಅಂತೀನಿ." ಕಳೆ ತೆಗೆಯಲು ನಾನು ಬರಲೇ ಎಂದು ಕೇಳಿದೆ. ಅವರು ಟೋಪಿ ಸರಿಮಾಡಿಕೊಂಡು, "ನಿಮಗೆ ನಿಮ್ಮ ಕೆಲಸ ಇದೆ, ಮಿಸೆಸ್," ಎಂದು ಆಸ್ಪತ್ರೆಗೆ ಹೊರಟುಹೋದರು.

ಆಗಸ್ಟ್‌ನ ತನಿಖೆ ಮುಂದಿನ ಶನಿವಾರ. ಸೋಮವಾರದಿಂದ ಶುರುಮಾಡಿದೆ. ಬೆಳಿಗ್ಗೆ ಸ್ನಾನ, ದೀಪ, ಯಜಮಾನರಿಗೆ ತಿಂಡಿ ಕಟ್ಟಿಕೊಟ್ಟು, ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ತಾತನ ಪಾತಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಹುಲ್ಲು ಕಿತ್ತೆ. ಹೀಗೆ ಐದು ದಿನ. ದಾರಿಯನ್ನೂ ಕೆರೆದು ಗುಡಿಸಿದೆ. ವಿಷ್ಣು ಸಹಸ್ರನಾಮ ಹೇಳಿಕೊಂಡು ಕೀಳುತ್ತಿದ್ದೆ, ಒಂದು ಸಲ ಮುಗಿಯುವಷ್ಟರಲ್ಲಿ ಒಂದು ಸಾಲು ಆಗುತ್ತಿತ್ತು.

ಹುಲ್ಲು ತೆಗೆದಂತೆ ಅದರ ಕೆಳಗೆ ಕೆಂಪು ಮೊಳಕೆಗಳು ಕಂಡವು. ನನ್ನ ದಂಟೇ. ಹೋದ ವರ್ಷ ಬೀಜಕ್ಕೆ ಬಿಟ್ಟ ತೆನೆಯಿಂದ ಗಾಳಿಗೆ ಹಾರಿ ಅಲ್ಲಿ ಬಿದ್ದಿರಬೇಕು. ಬೀಟ್‌ರೂಟಿನ ಕೆಂಪು ನರದ ಎಲೆಗಳ ನಡುವೆ ಮೂರು ಬೆರಳಿನಷ್ಟು ಎತ್ತರದ ಕೆಂಪು ದಂಟು. ಎಷ್ಟು ಚೆಂದ ಕಂಡಿತು ಎಂದರೆ... ತಾನಾಗಿ ಹುಟ್ಟಿದ ಸೊಪ್ಪನ್ನು ಕಿತ್ತು ಬಿಸಾಡಬಾರದು, ಕೇಳದೆ ಬಂದ ಅನ್ನ ಅದು, ಎಂದು ನಮ್ಮಮ್ಮ ಹೇಳುತ್ತಿದ್ದಳು. ಕೈ ಬರಲಿಲ್ಲ. ಒತ್ತಾಗಿದ್ದ ಕಡೆ ಬಿಡಿಸಿ ನೆಟ್ಟೆ. ನೀರೂ ಹಾಕಿದೆ. ತಾತ ಬಂದಾಗ ಒಂದು ಹುಳಿಗಾಗುವಷ್ಟು ಇರಲಿ ಎಂದುಕೊಂಡೆ. ಸೆಖೆಗೆ ಅವು ಶನಿವಾರದ ಹೊತ್ತಿಗೆ ಅರ್ಧ ಗೇಣು ಆಗಿದ್ದವು.

ಶನಿವಾರ ಕ್ಲಿಪ್‌ಬೋರ್ಡಿನ ಹೆಂಗಸು ಬಂದರು. ತಾತನೂ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಪಾತಿ ನೋಡಿ ಅವರ ಹುಬ್ಬು ಮೇಲೇರಿತು. ಆ ಹೆಂಗಸು ಸಾಲುಗಳ ನಡುವೆ ನಡೆದು, ಬಗ್ಗಿ, ಒಂದು ದಂಟಿನ ಗಿಡ ಹಿಡಿದು ತಾತನಿಗೆ ಹೇಳಿದರು.

"ಉಳಿದದ್ದೆಲ್ಲ ಕಿತ್ತಿದ್ದೀರಿ. ಎಲ್ಲಕ್ಕಿಂತ ಕೆಟ್ಟದ್ದನ್ನೇ ಬಿಟ್ಟಿದ್ದೀರಲ್ಲ. ನೀರು ಬೇರೆ ಹಾಕಿದ್ದೀರಿ!"

"ಅದು ತರಕಾರಿ, ಮೇಡಂ," ಎಂದೆ. "ನನ್ನ ಪಾತಿಯಲ್ಲೂ ಅದೇ ಇರೋದು, ನೋಡಿ."

"ನಿಮ್ಮ ಪಾತಿಯಲ್ಲಿ ಕಡ್ಡಿ ಇದೆ. ಇಲ್ಲಿ ಕಡ್ಡಿ ಎಲ್ಲಿದೆ?"

"ನಾನೇ ಬಿಟ್ಟಿದ್ದು. ತಪ್ಪು ನಂದು."

ಆಕೆ ತಾತನ ಕಡೆ ತಿರುಗಿದರು. ನಿಜವಾಗಿ ಚೀಟಿ ಕಟ್ಟುವುದು ಅವರಿಗೂ ಬೇಡವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. "ನೀವೇ ಹೇಳಿ. ಇದನ್ನ ನೀವು ತರಕಾರಿ ಅಂತ ಬೆಳೆದಿದ್ದಾ?"

ತಾತ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ," ಎಂದರು ತಾತ. "ನಾನು ಬೆಳೆದದ್ದು ಬೀಟ್‌ರೂಟ್. ಕಡ್ಡಿ ಇಲ್ಲದಿದ್ದರೆ ಕಳೆ. ಆ ಸಾಲು ನಾನೇ ಬರೆಸಿದ್ದು." ಜೇಬಿನಿಂದ ಚಾಕು ತೆಗೆದು, ಮೂರನೇ ಚೀಟಿ ಕಟ್ಟಲು ದಾರವನ್ನೂ ತಾವೇ ಕತ್ತರಿಸಿಕೊಟ್ಟರು.

ಸಂಜೆ ಯಜಮಾನರಿಗೆ ಹೇಳಿದೆ. "ನಿನ್ನ ಕಡ್ಡಿ ಕಿತ್ತು ಅಲ್ಲಿ ನೆಡೋಕೆ ಆಗ್ಲಿಲ್ವೇನೇ, ಅವರು ಬರೋಕೆ ಮುಂಚೆ?" ಎಂದರು.

"ಹೊಳೀಲಿಲ್ಲ ರೀ. ನನ್ನ ಕಣ್ಣಿಗೆ ಅದು ಸೊಪ್ಪು ಅಲ್ವಾ."

"ಸಹಸ್ರನಾಮ ಸ್ವಲ್ಪ ಕಮ್ಮಿ ಹೇಳಿ, ಹಲಗೆ ಸ್ವಲ್ಪ ಜಾಸ್ತಿ ಓದಬೇಕಿತ್ತು," ಎಂದು ಚುಚ್ಚಿದರು. ನಾನು ಪಾತ್ರೆಗಳನ್ನು ಎತ್ತತೊಡಗಿದೆ. ಅವರು ತಟ್ಟೆಯಲ್ಲಿ ಕೈ ತೊಳೆಯಹೊರಟವರು ತಡೆದು, "ಹೋಗ್ಲಿ ಬಿಡು," ಎಂದರು.

ಹತ್ತು ದಿನದೊಳಗೆ ತಾತ ಗುದ್ದಲಿ, ಗೂಟ, ದಾರ ಎತ್ತಿಕೊಳ್ಳಲು ಬಂದರು. ನಾನು ಹತ್ತಿರ ಹೋಗಿ ನಿಂತೆ. ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು.

ತಾತನೇ ಶುರುಮಾಡಿದರು. "ಹುಲ್ಲು ಕಿತ್ತೋರು ಯಾರು ಅಂತ ನಾನು ಕೇಳಲೇ ಇಲ್ಲ, ಗಮನಿಸಿದ್ರಾ ಮಿಸೆಸ್? ಕೇಳೋ ಅಗತ್ಯ ಇರ್ಲಿಲ್ಲ. ಇಡೀ ಮಿಚಿಗನ್‌ನಲ್ಲಿ ಹಂದಿ ಸೊಪ್ಪು ಬಿಟ್ಟು ಮಿಕ್ಕಿದ್ದು ಕೀಳೋರು ಒಬ್ಬರೇ."

"ಅರ್ಧ ಪಾತಿ ತಗೊಳ್ಳಿ," ಎಂದೆ. "ನನ್ನದರಲ್ಲಿ."

"ಇಬ್ಬರ ಹೆಸರಲ್ಲಿ ಒಂದು ಪಾತಿ ಕೂಡದು. ಅದನ್ನೂ ನಾನೇ ಬರೆಸಿದ್ದು. ಹಾಳಾದ್ದು, ಎಷ್ಟು ಬರೆಸಿಬಿಟ್ಟೆ!" ಎಂದು ನಕ್ಕರು. ಆಮೇಲೆ ಮಂಡಿಯೂರಿ ಬೀಟ್‌ರೂಟ್ ಕೀಳತೊಡಗಿದರು. ನಾನೂ ಕೂತು ಕಿತ್ತೆ. ಅಕ್ಟೋಬರಿನವರೆಗೆ ನೆಲದಲ್ಲಿರಬೇಕಾದವು. ದೊಡ್ಡದು ನಿಂಬೆಹಣ್ಣಿನಷ್ಟಿತ್ತು, ಮಿಕ್ಕವು ಗೋಲಿಯಷ್ಟು. ಎಲ್ಲ ಒಂದು ಕಾಗದದ ಚೀಲದಲ್ಲಿ ಹಿಡಿಸಿದವು. ನಿಂಬೆಹಣ್ಣಿನಷ್ಟಿದ್ದುದನ್ನು ಅಂಗಿಯ ತೋಳಿಗೆ ಒರೆಸಿ ಮೇಲಿಟ್ಟು, "ಒಂದಾದ್ರೂ ಸುಳ್ಳಾಗಲಿಲ್ಲ," ಎಂದರು.

ದಂಟಿನ ಗಿಡಗಳನ್ನೂ ಕಿತ್ತು, ಬೇರಿನ ಮಣ್ಣು ಕೊಡವಿ, ಕಟ್ಟು ಕಟ್ಟಿ ನನ್ನ ಕೈಗಿತ್ತರು. ಆ ಹುಳಿ ನಾನು ಮಾಡಿದೆ. ತಿಂದೆ ಕೂಡ. ಸೊಪ್ಪಿನದೇನೂ ತಪ್ಪಿರಲಿಲ್ಲ.

ಆ ಪಾತಿ ಒಂದು ಎಳೆಯ ಸಂಸಾರಕ್ಕೆ ಹೋಯಿತು, ಅವರು ಟೊಮೇಟೊ ಹಾಕಿದರು. ಆ ಕ್ರಿಸ್‌ಮಸ್‌ಗೆ ಸಾರು ಆಯಿತೋ ಇಲ್ಲವೋ ತಿಳಿಯದು. ಮುಂದಿನ ವಸಂತದಲ್ಲಿ ಕ್ಲಿಪ್‌ಬೋರ್ಡಿನ ಹೆಂಗಸು ಹೇಳಿದರು, ಹೆಂಡತಿ ಚಳಿಗಾಲದಲ್ಲಿ ಹೋದರಂತೆ, ತಾತನನ್ನು ಮಗಳು ಶಿಕಾಗೋ ಕಡೆ ಕರೆದುಕೊಂಡು ಹೋದಳಂತೆ. ಆಮೇಲೆ ಡೆವನ್ ಅವೆನ್ಯೂಗೆ ಹೋದಾಗಲೆಲ್ಲ ಕಾರಿನ ಕಿಟಕಿಯಿಂದ ಕಂದು ಟೋಪಿ ಹುಡುಕುತ್ತಿದ್ದೆ. ಅಷ್ಟು ದೊಡ್ಡ ಊರಿನಲ್ಲಿ... ಯಜಮಾನರು ಆ ಬೀದಿಯಲ್ಲಿ ಕಾರು ಸ್ವಲ್ಪ ನಿಧಾನ ಮಾಡುತ್ತಿದ್ದರು. ಅವರೂ ಈಗ ಇಲ್ಲ.

ದೇವರು ಕೊಟ್ಟದ್ದನ್ನು ಎಣಿಸುವುದು ನನ್ನ ಅಭ್ಯಾಸ. ಮಣ್ಣು ಕೊಟ್ಟ, ಸಬ್ಬಸಿಗೆ ಕೊಟ್ಟ, ಬೈಯದೆ ಹೋದ ನೆರೆಯವರನ್ನು ಕೊಟ್ಟ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಗಳ ಮನೆಯಲ್ಲಿ ಗುರುವಾರ ಹುಲ್ಲು ಕತ್ತರಿಸುವವರು ಬರುತ್ತಾರೆ. ಹುಲ್ಲಲ್ಲದ್ದು ಏನು ಕಂಡರೂ ಕಿತ್ತು ಹಾಕುತ್ತಾರೆ, ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ನಿಯಮವಂತೆ. ಹಿಂದಿನ ಬಾಗಿಲ ಮೆಟ್ಟಿಲ ಪಕ್ಕ ನಾನು ಬಿತ್ತದ ದಂಟು ಮೂರು ಎದ್ದಿವೆ. ಬುಧವಾರ ಸಂಜೆಯೇ ಈ ಕಡ್ಡಿ ತೆಗೆದುಕೊಂಡು ಹೋಗಿ, ಅವುಗಳ ಮುಂದೆ ಬಗ್ಗಿ ನೆಟ್ಟೆ. ಬಗ್ಗಲು ಈಗ ಕಷ್ಟ.

ಮಗಳು ಕಿಟಕಿಯಿಂದ, "ಅಮ್ಮಾ, ದೇ ವೋಂಟ್ ಈವನ್ ರೀಡ್ ಇಟ್," ಎಂದಳು.

ಓದಲಿ, ಬಿಡಲಿ. ಆ ಶನಿವಾರ ಈ ಕಡ್ಡಿ ತಾತನ ಬೀಟ್‌ರೂಟಿನಿಂದ ಹತ್ತು ಹೆಜ್ಜೆ ದೂರ, ನನ್ನ ಪಾತಿಯಲ್ಲಿ ನಿಂತಿತ್ತು.