ಒಂದು ಗಂಟೆಗೆ ಬರೆದಿಟ್ಟ ಏಳನೇ ಟೇಬಲ್

“ಹೊಂಟೀವ್ರಿ ಮೇಡಂ, ಮುಳಗುಂದ ನಾಕಾ ದಾಟಿದ್ವಿ,” ಎನ್ನುತ್ತದೆ ಫೋನಿನೊಳಗಿನ ದನಿ. ಅದರ ಹಿಂದೆಯೇ ಬಚ್ಚಲಲ್ಲಿ ನೀರು ಸುರಿಯುವ ಸದ್ದು, ಯಾರೋ ಟವೆಲ್ ಕೇಳುವ ಕೂಗು.

“ಮೊದಲ ಮೈ ಒರಸ್ಕೋರಿ, ಆಮ್ಯಾಲ ಬರ್ರಿ,” ಎಂದು ಫೋನಿಟ್ಟು, ಹೋಟೆಲಿನ ಟೇಬಲ್ ಬುಕಿಂಗ್ ನೋಡಿಕೊಳ್ಳುವ ವನಿತಾ ಹನ್ನೆರಡೂವರೆಯ ಬುಕಿಂಗನ್ನು ಪೆನ್ಸಿಲ್ಲಿನಲ್ಲಿ ಒಂದೂ ಹತ್ತಕ್ಕೆ ತಿದ್ದುತ್ತಾರೆ. ‘ಹೊಂಟೀವಿ’ ಅಂದರೆ ನಲವತ್ತು ನಿಮಿಷ ಕೂಡಿಸಬೇಕು. ಮೂರು ವರ್ಷದ ಅನುಭವ.

ಗದಗದ ಹುಬ್ಬಳ್ಳಿ ರಸ್ತೆಯಲ್ಲಿ ಬಿಳಿ ಮೇಜುಬಟ್ಟೆ ಹಾಸಿದ ಹದಿನೆಂಟು ಟೇಬಲ್ಲಿನ ಹೋಟೆಲಿದು. ಒಂದು ಟೇಬಲ್ಲಿಗೆ ಎಪ್ಪತ್ತೈದು ನಿಮಿಷ ಎಂಬುದು ಲೆಕ್ಕ. ರವಿವಾರ ಬಂತೆಂದರೆ ನಲವತ್ತು ಫೋನು. ಆರು ಮಂದಿ ಎಂದು ಬರೆಸಿದವರು ಹನ್ನೊಂದು ಮಂದಿ ಇಳಿಯುತ್ತಾರೆ. “ಹುಡುಗ್ರು ತೊಡಿ ಮ್ಯಾಲ ಕುಂಡ್ರತಾವ ಅಂತಾರ್ರಿ. ನೋಡಿದ್ರ ಹುಡುಗ್ರಿಗೆ ಮೀಸಿ ಬಂದಿರತಾವ,” ಎಂದು ವನಿತಾ ಹಣೆ ಒತ್ತಿಕೊಳ್ಳುತ್ತಾರೆ.

ಮೊದಲು ಇಲ್ಲಿ ಉಣ್ಣುವವರ ಕುರ್ಚಿ ಹಿಡಿದು, ತುತ್ತು ಎಣಿಸುತ್ತ ಜನ ನಿಲ್ಲುತ್ತಿದ್ದರು. ಅದನ್ನು ತಪ್ಪಿಸಿದ್ದು ವನಿತಾ ಅವರ ಬುಕಿಂಗ್ ಪುಸ್ತಕ. ಆದರೆ ಹೋದ ವಾರ ಬುಕ್ ಮಾಡಿಯೂ ಜಾಗ ಸಿಗದವರು ಮಾಡಿದ ಜಗಳ ನೋಡಿ ಮಾಲೀಕ ಸುಭಾಷ ಖಡಾಖಂಡಿತವಾಗಿ ಹೇಳಿದ್ದಾರೆ: “ಬುಕ್ ಮಾಡಿದವರು ಇನ್ನೊಮ್ಮೆ ಬಾಗಿಲದಾಗ ನಿಂತ್ರ ಈ ಪದ್ಧತೀನ ಬಂದ್. ನೀ ಬಿಲ್ ಬರಿಯಾಕ ಹೋಗು.”

ಇವತ್ತು ನಿಂತೇಬಿಟ್ಟಿದ್ದಾರೆ. ಶಿರಹಟ್ಟಿಯ ನಿವೃತ್ತ ಮಾಸ್ತರ ಮುದಕಪ್ಪನವರು ಒಂದು ಗಂಟೆಗೆ ಏಳನೇ ಟೇಬಲ್ ಬರೆಸಿದ್ದರು. ಅವರಿಗೂ ನಲವತ್ತು ನಿಮಿಷ ಕೂಡಿಸಿದ ವನಿತಾ, ಹನ್ನೆರಡಕ್ಕೆ ಬಂದ ಬಿಂಕದಕಟ್ಟಿಯ ಮರಿಯವ್ವನ ಮನೆಯವರನ್ನು ಅಲ್ಲಿ ಕೂಡಿಸಿದ್ದಾರೆ. ಮಾಸ್ತರರು ಹನ್ನೆರಡೂ ಐವತ್ತೆಂಟಕ್ಕೇ ಹಾಜರು. ಮರಿಯವ್ವನವರ ಊಟ ಮುಗಿದಿದೆ, ಮಾತು ಮುಗಿದಿಲ್ಲ.

ಏಳಿ ಎನ್ನಲು ವನಿತಾಗೆ ಬಾಯಿ ಬರದು. ಮುಂಡರಗಿಯಲ್ಲಿ ಖಾನಾವಳಿ ನಡೆಸುತ್ತಿದ್ದ ತಾಯಿ ಹನಮಂತವ್ವ ಕಲಿಸಿದ್ದು ಒಂದೇ: ಉಣ್ಣಾಕ ಕುಂತವರಿಗೆ ಏಳು ಅನಬಾರದು. ಅದಕ್ಕೇ ವನಿತಾ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆಯ ತಟ್ಟೆ ಇಡಿಸುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಜನ ತಾವಾಗಿಯೇ ಏಳುತ್ತಾರೆ.

“ಕಟ್ಟಿ ಮ್ಯಾಲ ಎಲಿ ಅಡಿಕಿ ಇಟ್ಟೀವ್ರಿ ಯಮ್ಮಾ.”

“ಇಲ್ಲೇ ತಂದ ಕೊಡ ಯವ್ವಾ. ಇಲ್ಲಿ ತಂಪ ಐತಿ.”

ತಟ್ಟೆ ಒಳಗೆ ಬರುತ್ತದೆ. ಮರಿಯವ್ವ ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚುತ್ತಾರೆ. ಒಂದೂ ಹನ್ನೆರಡು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸುಭಾಷ ನೋಡುತ್ತಿದ್ದಾರೆ. ಮಾಸ್ತರರು ಕೈಗಡಿಯಾರ ನೋಡುತ್ತಿದ್ದಾರೆ. ವನಿತಾ ಮತ್ತೆ ಟೇಬಲ್ಲಿನ ಹತ್ತಿರ ಹೋಗುತ್ತಾರೆ.

“ಯಮ್ಮಾ, ತಪ್ಪು ನಂದರಿ. ಈ ಜಾಗಾ ಒಂದಕ್ಕ ಅವರಿಗೆ ಬರದಿಟ್ಟಿದ್ದೆ. ತಡಾ ಮಾಡ್ತಾರಂತ ನಿಮಗ ಕೊಟ್ಟೆ.”

“ಅಷ್ಟ ಹೇಳಾಕ ಇಷ್ಟೊತ್ತ ಬೇಕಾತೇನು?” ಮರಿಯವ್ವ ಎದ್ದೇಬಿಡುತ್ತಾರೆ. “ಎಲಿ ಕೊಟ್ಟಿ, ಅಡಿಕಿ ಕೊಟ್ಟಿ. ಭಾಳ ಮರ್ಯಾದಿ ಮಾಡಾಕತ್ಯಾಳ, ಎದ್ರ ಬೇಜಾರಾದೀತು ಅಂತ ನಾವು ಕುಂತಿದ್ವಿ.”

ಮಾಸ್ತರರ ಮನೆಯವರು ಕೂತ ಮೇಲೆ ಸುಭಾಷ ಹತ್ತಿರ ಬರುತ್ತಾರೆ. “ಮಾಸ್ತರಿಗೂ ನಲವತ್ತ ನಿಮಿಷ ಕೂಡಿಸಿದ್ಯಾ?”

“ಊರಿಗೇ ಕೂಡಸ್ತೀನ್ರೀ. ನನ್ನ ಆಸೆ ಒಂದ ಐತಿ, ಹೊಂಟೀವಿ ಅಂದವರು ಖರೇನ ಹೊಂಟಿರಬೇಕು.”

ಅಷ್ಟರಲ್ಲಿ ಬುಕ್ ಮಾಡದೆ ಬಂದ ನಾಲ್ಕು ಮಂದಿ, ಎರಡು ಗಂಟೆಗೆ ಬರೆದಿಟ್ಟ ಮೂರನೇ ಟೇಬಲ್ಲಿನ ಕುರ್ಚಿ ಎಳೆಯುತ್ತಾರೆ. ಮಾಲೀಕರು ಬಿರಬಿರನೆ ನಡೆದು ಹೋಗಿ, ‘ಬುಕ್ ಆಗಿದೆ’ ಎಂಬ ಫಲಕವನ್ನು ತಾವೇ ತಂದು ಅವರ ಮುಂದೆ ನಿಲ್ಲಿಸುತ್ತಾರೆ.