ಬೆನ್ನ ಹಿಂದಿನಿಂದ ಕರೆಯುತ್ತಿದ್ದ ಸಾಕಮ್ಮ ಟೀಚರ್

ಹಿರೀಸಾವೆ ಪಕ್ಕದ ನಮ್ಮೂರಿನ ಅಂಗನವಾಡಿಗೆ ಹೊಸ ಮಗು ಬಂದರೆ ಸಾಕಮ್ಮ ಟೀಚರ್ ಎದುರು ನಿಂತು ಮಾತಾಡಿಸುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಿದ್ದರು. ಮಗು ತಿರುಗಿತೋ ಇಲ್ಲವೋ ನೋಡಿಕೊಂಡೇ ಮುಂದಿನ ಮಾತು. ಮೂರು ತುಂಬಿದ್ದ ನನ್ನ ಮಗಳು ಸಿಂಚನಾ ತಿರುಗಲಿಲ್ಲ.

ಅವಳಿಗಿನ್ನೂ ಮಾತು ಬಂದಿರಲಿಲ್ಲ. ಕೈಸನ್ನೆ ಮಾಡಿದರೆ ಎಲ್ಲ ಅರ್ಥವಾಗುತ್ತಿತ್ತು, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನನ್ನ ಅತ್ತೆ ದಿನಾ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಿದ್ದರು. ನನ್ನ ಗಂಡನೂ ತಡವಾಗಿಯೇ ಮಾತಾಡಿದ್ದಂತೆ.

ಟೀಚರ್ ಮನೆಗೇ ಬಂದರು. ನಮ್ಮ ಮಾವ ಊರಿಗೆಲ್ಲ ದೊಡ್ಡ ಜಮೀನುದಾರರು. ಟೀಚರ್ ಊರಾಚೆಯ ಕಾಲೋನಿಯವರು. ಅಂಗಳದಲ್ಲೇ ನಿಲ್ಲಿಸಿ, ನಮ್ಮ ಮಗುವಿಗೆ ಕಿವುಡಿ ಅಂತ ಹೆಸರಿಡೋಕೆ ನೀನ್ಯಾರು, ಕೆಲಸದಿಂದಲೇ ತೆಗೆಸುತ್ತೇನೆ ಎಂದು ಮಾವ ರೇಗಿದರು. ಟೀಚರ್ ದನಿ ಏರಿಸಲಿಲ್ಲ.

“ತೆಗುಸಿ ಗೌಡ್ರೇ. ಆದ್ರೆ ಮಗಿ ಕಿವಿ ತೋರ್ಸಿ. ನಾಲ್ಗೆಗೆ ಏನೂ ಆಗಿಲ್ಲ. ಕೇಳ್ದೇ ಇರೋ ಮಾತ್ನ ಯಾವ ಕೂಸು ಆಡ್ತದೆ?”

ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ನಾನು ಯಾರನ್ನೂ ಕೇಳದೆ, ಮಗಳನ್ನು ಎತ್ತಿಕೊಂಡು ಅವರ ಜೊತೆ ಹಾಸನದ ಬಸ್ಸು ಹತ್ತಿದೆ. ಮಾವ ನನ್ನೊಡನೆ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಎರಡೂ ಕಿವಿ ಮಂದ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಕಿವಿಗೆ ಮಿಷನ್ ಹಾಕಿಸಿ, ಮಾತು ಕಲಿಸುವವರ ಬಳಿಗೆ ವಾರ ವಾರ ಅಲೆದೆವು. ಎಂಟು ತಿಂಗಳಾದ ಮೇಲೆ ಒಂದು ದಿನ ಸಿಂಚನಾ, ಜಗಲಿಯಲ್ಲಿ ಕೂತಿದ್ದ ಮಾವನ ಪಂಚೆ ಹಿಡಿದೆಳೆದು ‘ತಾತ’ ಅಂದಳು. ಮಾವ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಸಂಜೆ ತಾವೇ ಹೋಗಿ ಟೀಚರನ್ನು ಕರೆತಂದು ನಡುಮನೆಯಲ್ಲಿ ಕೂರಿಸಿದರು. ಟೀಚರ್ ಕಾಫಿ ಕುಡಿದು, ಇನ್ನು ಮೇಲೆ ಕಾಲೋನಿಯಿಂದ ಯಾರು ಬಂದರೂ ಹೀಗೇ ಒಳಗೆ ಕೂರಿಸಿ ಎಂದು ಹೇಳಿಯೇ ಎದ್ದರು.

ಅವರ ನಿವೃತ್ತಿಯ ದಿನ, ಎರಡು ಮಾತಾಡಿ ಎಂದು ಎಲ್ಲರೂ ಒತ್ತಾಯಿಸಿದರು. ಮಕ್ಕಳಿಗೆ ಮಾತು ಬಾರದಿದ್ದರೂ ಆಸ್ಪತ್ರೆಗೆ ಹೋಗದ ತಾಯಂದಿರು ಊರಲ್ಲಿ ಇನ್ನೂ ಇಬ್ಬರಿದ್ದರು. ಟೀಚರ್ ಅವರತ್ತ ತಿರುಗಿದರು.

“ನಾಳೆ ಬೆಳಿಗ್ಗೆ ಬಸ್ಸಿಗೆ ಬನ್ನಿ ಕಣ್ರವ್ವಾ. ನಾನು ರಿಟೈರ್ ಆಗಿವ್ನಿ, ಸತ್ತಿಲ್ಲ.”

ಬೆಳಿಗ್ಗೆ ನಾನೂ ಹೋದೆ. ಆ ಇಬ್ಬರಲ್ಲಿ ಒಬ್ಬಳೇ ಬಂದಿದ್ದಳು. ಅವಳನ್ನೂ ಮಗುವನ್ನೂ ನನ್ನ ಜೊತೆ ಬಸ್ಸು ಹತ್ತಿಸಿ, ಟೀಚರ್ ಹಿಂದಕ್ಕೆ ನಡೆದರು. ಆ ವಾರವೇ ಅವರು ಅರಕಲಗೂಡಿನ ಮಗಳ ಮನೆ ಸೇರಿದರು. ವರ್ಷದೊಳಗೆ ಅಲ್ಲೇ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಆ ಬಸ್ಸಿನ ಕಿಟಕಿಯಿಂದ. ಬಾರದೇ ಇದ್ದವಳ ಮನೆಯ ಕದ ಬಡಿಯುತ್ತಿದ್ದರು.