ಹನ್ನೊಂದನೇ ಗೂಡು

ನೀವು ನಂಬದಿದ್ದರೂ ಬೇಸರವಿಲ್ಲ. ನಂಬದೇ ಇರುವ ಹಾಗಿದ್ದರೆ ನನಗೂ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಆದರೆ ಇದು ಕಳೆದ ಬೇಸಿಗೆಯಲ್ಲಿ ನನ್ನ ಕಣ್ಣೆದುರೇ ನಡೆದದ್ದು.

ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ನನ್ನ ಆಫೀಸು. ನೆಲದಡಿಯ ನೀರಿನ ಟ್ಯಾಂಕ್ ತೊಳೆಯುವ ಕಂಪನಿಯೊಂದಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೆಲಸಗಾರ ಇಳಿಯುವಾಗ ಕಾರ್ಡ್ ತೋರಿಸಿದರೆ ಹೆಸರು ಪಟ್ಟಿಗೆ ಸೇರುತ್ತದೆ, ಹತ್ತಿ ಬಂದು ತೋರಿಸಿದರೆ ಅಳಿಯುತ್ತದೆ. ಬೇಗ ಸಿಗಲೆಂದು ಹೆಸರುಗಳನ್ನು ಗೂಡುಗಳಿಗೆ ಹಂಚಿಡುವ ಪಟ್ಟಿ ಅದು. ಹ್ಯಾಶ್ ಟೇಬಲ್ ಎನ್ನುತ್ತೇವೆ. ಅದರ ವರದಿಗೆ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಎರಡು ಫಂಕ್ಷನ್. ಒಂದು ಒಟ್ಟು ಎಷ್ಟು ಹೆಸರು ಎಂದು ಹೇಳುತ್ತದೆ, ಇನ್ನೊಂದು ಗೂಡುಗೂಡಿಗೂ ಹೋಗಿ ಎಣಿಸುತ್ತದೆ. ಎರಡೂ ಸೊನ್ನೆ ಎಂದ ಮೇಲೆಯೇ ಕೆಲಸಗಾರರು ಉಳಿಯುವ ಮುಹೈಸ್ನಾ ಕ್ಯಾಂಪಿಗೆ ಬಸ್ ಹೊರಡಬೇಕು. ಆ ನಿಯಮ ಮಾಡಿದ ಬುದ್ಧಿವಂತನೂ ನಾನೇ.

ಆ ದಿನ ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಕತ್ತಲಾಗಿತ್ತು. ಒಟ್ಟು: ಸೊನ್ನೆ. ಹನ್ನೊಂದನೇ ಗೂಡು: ಒಂದು.

ಗೂಡು ತೆರೆದು ನೋಡಿದೆ... ಒಳಗೆ ಹೆಸರೇ ಇಲ್ಲ.

ಸೂಪರ್‌ವೈಸರ್ ಹಮೀದಾಕನಿಗೆ ಫೋನ್ ಮಾಡಿದೆ. ಉಳ್ಳಾಲದವರು. ಆಫೀಸಿಗೆ ಬಂದಾಗಲೆಲ್ಲ ಮನೆಯ ಅಕ್ಕಿರೊಟ್ಟಿ, ಪತ್ತಿರಿ, ನನಗೂ ತರುತ್ತಿದ್ದರು.

“ಎಂತ ಮಾರಾಯ, ಎಲ್ಲರೂ ಬಸ್ಸಲ್ಲಿ ಕೂತಿದ್ದಾರೆ. ತಲೆ ಎಣಿಸಿ ಆಯ್ತು. ನಿನ್ನ ಮಿಷನ್‌ದು ಒಂದು ಮಂಡೆಬೆಚ್ಚ!”

“ಒಬ್ಬ ಒಳಗೆ ಬಿದ್ದಿದ್ರೆ? ಒಮ್ಮೆ ಇಳಿದು ನೋಡಿ ಹಮೀದಾಕ.”

“ಆಯ್ತು, ಆಯ್ತು. ಫೋನ್ ಇಡಬೇಡ.”

ಕಬ್ಬಿಣದ ಏಣಿಯ ಟಣ್ ಟಣ್ ಕೇಳಿಸಿತು. ಆಮೇಲೆ ನೀರು ತೊಟ್ಟಿಕ್ಕುವ ಸದ್ದು...

“ಯಾರೂ ಇಲ್ಲ ಮಾರಾಯ,” ಎಂದರು. ಆಮೇಲೆ ಪಿಸುದನಿಯಲ್ಲಿ, “ತಡಿ... ಆ ಮೂಲೆಯಲ್ಲಿ ಯಾರೋ ಕೂತ ಹಾಗೆ ಉಂಟು.”

ಅದೇ ಕೊನೆಯ ಮಾತು. ಏನೋ ದೊಪ್ಪನೆ ಬಿತ್ತು. ಮತ್ತೆ ಉಸಿರಾಟ ಮಾತ್ರ. ಎಸಿ ಆಫೀಸಿನಲ್ಲಿ ಕೊಳೆತ ಕೆಸರಿನ ವಾಸನೆ ಹಬ್ಬಿತು. ಆಫೀಸಿನ ಇನ್ನೊಂದು ಫೋನಿನಿಂದ ಬಸ್ ಡ್ರೈವರನಿಗೆ ಕರೆ ಮಾಡಿ, ಯಾರೂ ಇಳಿಯಬೇಡಿ, ಆಂಬುಲೆನ್ಸ್ ಕರೆಯಿರಿ ಎಂದೆ. ವರದಿಯನ್ನು ಮತ್ತೆ ಓಡಿಸಿದೆ.

ಹನ್ನೊಂದನೇ ಗೂಡು: ಎರಡು.

ಹಮೀದಾಕನ ಹತ್ತಿರ ಕಾರ್ಡೇ ಇರಲಿಲ್ಲ. ಅವರ ಹೆಸರು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ.

ಉಸಿರಾಟದ ಮಾಸ್ಕ್ ಹಾಕಿದ ರಕ್ಷಣಾ ಸಿಬ್ಬಂದಿ ಇಳಿದು ಅವರನ್ನು ಮೇಲೆ ತಂದಾಗ ಜೀವ ಹೋಗಿತ್ತು. ಒಳಗೆ ಕೆಟ್ಟ ಗಾಳಿ ತುಂಬಿತ್ತಂತೆ. ಬೇರೆ ಯಾರೂ ಸಿಗಲಿಲ್ಲ. ಅದೇ ಹೊತ್ತಿಗೆ ವರದಿ ನೋಡಿದರೆ, ಮತ್ತೆ ಒಂದು.

ಅವರನ್ನು ಇಳಿಸಿದ್ದು ನಾನು. ಅವರ ಹೆಂಡತಿಗೆ ಈ ಮಾತು ಹೇಳಲು ಇನ್ನೂ ಬಾಯಿ ಬಂದಿಲ್ಲ.

ಕೋಡನ್ನು ಮೂವರು ಜಾಲಾಡಿದರು, ಒಂದು ತಪ್ಪೂ ಸಿಗಲಿಲ್ಲ. ಗೂಡು ಎಣಿಸುವ ಫಂಕ್ಷನ್ ಓಡಿಸಲು ನನಗೀಗ ಧೈರ್ಯವಿಲ್ಲ. ಒಟ್ಟು ಮಾತ್ರ ನೋಡುತ್ತೇನೆ. ಸಂಜೆ ಹೊಸ ಸೂಪರ್‌ವೈಸರ್ ಫೋನ್ ಮಾಡಿ, “ಯಲ್ಲಾ, ಹೊರಡುವುದಾ?” ಎಂದು ಕೇಳುತ್ತಾರೆ.

“ಸೊನ್ನೆ. ಖಲಾಸ್, ಹೊರಡಿ,” ಎನ್ನುತ್ತೇನೆ.

ಬಸ್ ಹೋದ ಮೇಲೂ ಆ ಸೊನ್ನೆಯನ್ನೇ ನೋಡುತ್ತಾ ಕೂರುತ್ತೇನೆ. ಹಮೀದಾಕ ಕೆಳಗೆ ಬಿದ್ದು ಉಸಿರಿಗೆ ಒದ್ದಾಡುತ್ತಿದ್ದಾಗಲೂ ಒಟ್ಟು ಸೊನ್ನೆಯೇ ಇತ್ತು.